ಚೌತಿಯ ವಾರ ಸೊಂಟದಲ್ಲಿದ್ದ ಪಂಪ್

2024ರ ಜನವರಿ. ಅಡಿಕೆ ಕೊಯ್ಲಿನ ಕೊನೆಯ ದಿನಗಳು. ಸಂಜೆ ಸೊಸೈಟಿಯ ಲೆಕ್ಕಪತ್ರ ಮುಗಿಸಿ ಮನೆಗೆ ಬಂದವಳು ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿದು ಮಲಗಿದ್ದೆ. ಎರಡೂವರೆ ಸುಮಾರಿಗೆ ನೀರು ಕುಡಿಯಲು ಎದ್ದ ಹತ್ತು ವರ್ಷದ ಮಗ ನನ್ನ ಕೈ ಮುಟ್ಟಿ ನೋಡಿದ. 'ಆಯಿ, ನಿನ್ನ ಮೈಯೆಲ್ಲ ಒದ್ದೆಯಾಗಿದೆ' ಎಂದನಂತೆ. ನಾನು ಏನೋ ಗೊಣಗಿದೆನೇ ಹೊರತು ಕಣ್ಣು ಬಿಡಲಿಲ್ಲ. ಅವನು ಅಪ್ಪನನ್ನು ಎಬ್ಬಿಸಿದ. ನುಂಗುವಷ್ಟು ಎಚ್ಚರ ಇನ್ನೂ ಉಳಿದಿತ್ತು, ಹಾಗಾಗಿ ಇವರು ಜೋನಿಬೆಲ್ಲವನ್ನು ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ ನಾಲಿಗೆಗೆ ಸವರುತ್ತ ಕುಳಿತರು. ರಕ್ತದ ಸಕ್ಕರೆ ನೋಡುವ ಮೀಟರಿನಲ್ಲಿ 41 ತೋರಿಸಿತು. ಎಪ್ಪತ್ತಕ್ಕಿಂತ ಕೆಳಗಿಳಿದರೆ ಅಪಾಯ ಎಂದು ಇಪ್ಪತ್ತೈದು ವರ್ಷಗಳಿಂದ ನಾನೇ ಎಲ್ಲರಿಗೂ ಹೇಳುತ್ತ ಬಂದಿದ್ದೆ. ಬೆಳಿಗ್ಗೆ ಮಗ ಶಾಲೆಗೆ ಹೋಗಲು ಒಪ್ಪಲಿಲ್ಲ. ನನ್ನ ಪಕ್ಕದಲ್ಲೇ ಕೂರುತ್ತೇನೆ ಎಂದು ಹಟ ಹಿಡಿದ. ಇನ್ನು ಹೀಗೇ ನಡೆಯಲು ಬಿಡಬಾರದು ಎಂದು ಆ ದಿನ ತೀರ್ಮಾನಿಸಿದೆ.

ನನಗೆ ಟೈಪ್ 1 ಮಧುಮೇಹ, ಅಂದರೆ ದೇಹವೇ ಇನ್ಸುಲಿನ್ ತಯಾರಿಸದ ಕಾಯಿಲೆ, ಬಂದದ್ದು 1999ರಲ್ಲಿ, ಪಿಯುಸಿ ಓದುತ್ತಿದ್ದಾಗ. ತೂಕ ಇಳಿಯುತ್ತ, ಬಾಯಾರಿಕೆ ಹೆಚ್ಚುತ್ತ ಹೋಗಿ ಕೊನೆಗೆ ಶಿರಸಿಯ ಆಸ್ಪತ್ರೆಯಲ್ಲಿ ಪತ್ತೆಯಾಯಿತು. ಆಗ ಒಂದು ಮಿಲಿಲೀಟರಿಗೆ 40 ಯುನಿಟ್ ಇರುವ ಇನ್ಸುಲಿನ್ ಸೀಸೆ, ಪ್ಲಾಸ್ಟಿಕ್ ಸಿರಿಂಜ್, ದಿನಕ್ಕೆರಡು ಚುಚ್ಚು. ಫ್ರಿಜ್ ಇಲ್ಲದ ಮನೆಯಲ್ಲಿ ಅಪ್ಪ ಮಣ್ಣಿನ ಮಡಕೆಯೊಳಗೆ ಒದ್ದೆ ಮರಳು ತುಂಬಿ ಅದರಲ್ಲಿ ಸೀಸೆ ಇಡುತ್ತಿದ್ದರು. ಮುಂದೆ ಇನ್ಸುಲಿನ್ ಚುಚ್ಚಿಕೊಳ್ಳುವ ಪೆನ್ ಬಂತು, ಚುಚ್ಚು ನಾಲ್ಕಾಯಿತು: ಮೂರು ಊಟಕ್ಕೆ ಮೂರು ಸಲ ಬೇಗ ಕೆಲಸ ಮಾಡುವ ಆಸ್ಪಾರ್ಟ್, ರಾತ್ರಿ ಮಲಗುವಾಗ ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಗ್ಲಾರ್ಜಿನ್. ಮದುವೆ, ಬಸಿರು, ಬಾಣಂತನ, ತೋಟ, ಕಚೇರಿ ಎಲ್ಲವನ್ನೂ ಈ ಪೆನ್ ಹಿಡಿದೇ ದಾಟಿದ್ದೇನೆ. ಆದರೂ ಆ ಜನವರಿಯಲ್ಲಿ ನನ್ನ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಅಂಕಿ, ಅಂದರೆ ಎಚ್‌ಬಿಎ1ಸಿ, 8.6 ಇತ್ತು.

ಬೆಂಗಳೂರಿನಲ್ಲಿರುವ ತಂಗಿ ಫೋನಿನಲ್ಲಿ, 'ಅಕ್ಕ, ಪಂಪ್ ಹಾಕಿಸಿಕೊಂಡು ಬಿಡು' ಎಂದಳು. ಮೈಗೆ ಸಿಕ್ಕಿಸಿಕೊಂಡು ನಳಿಕೆಯ ಮೂಲಕ ಇನ್ಸುಲಿನ್ ಕೊಡುವ ಪುಟ್ಟ ಯಂತ್ರ ಅದು. ಆ ಮಾತು ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಫೆಬ್ರವರಿಯಲ್ಲಿ ಹುಬ್ಬಳ್ಳಿಗೆ ಹೋಗಿ ಹಾರ್ಮೋನು ತಜ್ಞರನ್ನು ಕಂಡಾಗ ನಾನು ಮೊದಲು ಕೇಳಿದ್ದೂ ಅದನ್ನೇ. ಅವರು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ತಮ್ಮ ಜೊತೆ ಕೆಲಸ ಮಾಡುವ, ಮಧುಮೇಹದ ಆರೈಕೆ ಕಲಿಸಿಕೊಡುವ ಎಜುಕೇಟರ್ ಬಳಿ ಕಳುಹಿಸಿದರು. ಆಕೆ ನನ್ನನ್ನು ಮಂಚದ ಮೇಲೆ ಮಲಗಿಸಿ, ಬೆರಳಿಗೆ ಜೆಲ್ ಹಚ್ಚಿಕೊಂಡು, ಹೊಟ್ಟೆಯನ್ನು ಇಂಚಿಂಚೂ ಒತ್ತಿ ನೋಡಿದರು. ಹೊಕ್ಕುಳಿನ ಎರಡೂ ಬದಿಯಲ್ಲಿ ಅಪ್ಪೆಮಿಡಿಯಷ್ಟು ದಪ್ಪನೆಯ ಮೆತ್ತನೆಯ ಗಂಟುಗಳಿದ್ದವು. ಇಪ್ಪತ್ತೈದು ವರ್ಷಗಳಲ್ಲಿ ನನ್ನ ಹೊಟ್ಟೆಯನ್ನು ಮುಟ್ಟಿ ನೋಡಿದ ಮೊದಲ ವ್ಯಕ್ತಿ ಆಕೆ. ಉಳಿದವರೆಲ್ಲ ಚೀಟಿಯಲ್ಲಿನ ಅಂಕಿಯನ್ನಷ್ಟೇ ನೋಡಿದ್ದರು.

ಒಂದೇ ಜಾಗದಲ್ಲಿ ಮತ್ತೆ ಮತ್ತೆ ಚುಚ್ಚಿದರೆ, ಒಂದೇ ಸೂಜಿಯನ್ನು ಹಲವು ಸಲ ಬಳಸಿದರೆ ಚರ್ಮದ ಕೆಳಗೆ ಕೊಬ್ಬು ಹೀಗೆ ಗಂಟು ಕಟ್ಟುತ್ತದೆ. ಅಲ್ಲಿ ಚುಚ್ಚಿದರೆ ನೋವಾಗುವುದಿಲ್ಲ, ಆದ್ದರಿಂದ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಆದರೆ ಆ ಗಂಟಿನೊಳಗೆ ಹೋದ ಇನ್ಸುಲಿನ್ ರಕ್ತಕ್ಕೆ ಯಾವಾಗ ಸೇರುತ್ತದೆ ಎಂದು ಹೇಳುವಂತಿಲ್ಲ. ಒಂದು ದಿನ ಅರ್ಧ ಸೇರುತ್ತದೆ, ಇನ್ನೊಂದು ದಿನ ತಡವಾಗಿ ಎಲ್ಲವೂ ಸೇರುತ್ತದೆ. ನಾನು ಒಂದು ಸೂಜಿಯನ್ನು ಆರೇಳು ಸಲ ಬಳಸುತ್ತಿದ್ದೆ. ದುಡ್ಡು ಉಳಿಯುತ್ತದೆ ಎಂಬ ಕಾರಣಕ್ಕೆ ನಮ್ಮಲ್ಲಿ ಬಹಳ ಜನ ಹಾಗೆ ಮಾಡುತ್ತಾರೆ. ಆಕೆ 4 ಮಿಲಿಮೀಟರಿನ ಸಣ್ಣ ಸೂಜಿ ಕೊಟ್ಟು, ತೊಡೆ, ಪೃಷ್ಠ, ಹೊಟ್ಟೆಯ ಅಂಚು ಎಂದು ಜಾಗಗಳ ನಕ್ಷೆ ಬರೆದುಕೊಟ್ಟರು. ಗಂಟಿಲ್ಲದ ಜಾಗದಲ್ಲಿ ಇನ್ಸುಲಿನ್ ಚೆನ್ನಾಗಿ ಹೀರಿಕೊಳ್ಳುವುದರಿಂದ ಹಳೆಯ ಪ್ರಮಾಣವನ್ನೇ ಹಾಕಿದರೆ ಸಕ್ಕರೆ ಕುಸಿಯುತ್ತದೆ ಎಂದು ಎಚ್ಚರಿಸಿದರು. ವೈದ್ಯರು ಪ್ರಮಾಣವನ್ನು ಐದನೇ ಒಂದರಷ್ಟು ಇಳಿಸಿದರು. ತೋಳಿಗೆ ಹದಿನಾಲ್ಕು ದಿನ ಬರುವ, ಸಕ್ಕರೆಯನ್ನು ತಾನಾಗಿ ಅಳೆಯುತ್ತಿರುವ ಸೆನ್ಸರ್ ಅಂಟಿಸಿದರು. 'ಮೂರು ತಿಂಗಳು ಹೀಗೆ ಮಾಡಿ ಬನ್ನಿ. ಆಮೇಲೆ ಪಂಪಿನ ಮಾತು ಆಡೋಣ' ಎಂದರು.

ಇಂಜೆಕ್ಷನ್ನೇ ಪಂಪೇ ಎಂಬ ಗೊಂದಲದಲ್ಲಿರುವ ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಇವತ್ತೇ ಸ್ನಾನ ಮಾಡುವಾಗ ಸೋಪಿನ ಕೈಯಿಂದ ನಿಮ್ಮ ಹೊಟ್ಟೆಯನ್ನು ಒತ್ತಿ ನೋಡಿಕೊಳ್ಳಿ. ನನ್ನ ಅರ್ಧ ಸಮಸ್ಯೆ ಅಲ್ಲಿತ್ತು. ಜೂನ್ ಹೊತ್ತಿಗೆ ಎಚ್‌ಬಿಎ1ಸಿ 7.6ಕ್ಕೆ ಇಳಿಯಿತು. 70ರಿಂದ 180ರ ನಡುವೆ ಸಕ್ಕರೆ ಇರುವ ಹೊತ್ತು ಮೊದಲ ಸೆನ್ಸರಿನಲ್ಲಿ ನೂರಕ್ಕೆ 48 ಇದ್ದದ್ದು 63ಕ್ಕೆ ಏರಿತು. ಈ ಹೊತ್ತು ನೂರಕ್ಕೆ ಎಪ್ಪತ್ತರ ಮೇಲಿರಬೇಕು ಎಂಬುದು ಗುರಿ.

ಉಳಿದರ್ಧ ಮಾತ್ರ ಕಲ್ಲಿನಂತೆ ಕೂತಿತ್ತು. ಸೆನ್ಸರಿನ ಗೆರೆಯನ್ನು ನೋಡಿದರೆ ಪ್ರತಿ ರಾತ್ರಿ ಒಂದೇ ಕಥೆ. ಮೂರು ಗಂಟೆಗೆ 110 ಇರುತ್ತಿತ್ತು, ಏಳಕ್ಕೆ 210. ಬೆಳಗಿನ ಜಾವ ದೇಹ ಏಳಲು ಸಿದ್ಧವಾಗುವಾಗ ಕೆಲವು ಹಾರ್ಮೋನುಗಳು ಯಕೃತ್ತಿನಿಂದ ಸಕ್ಕರೆ ಬಿಡಿಸುತ್ತವೆ. ಅದನ್ನು ತಡೆಯಲು ರಾತ್ರಿಯ ಗ್ಲಾರ್ಜಿನ್ ಹೆಚ್ಚಿಸಿದರೆ ಒಂದು, ಎರಡು ಗಂಟೆಯ ಹೊತ್ತಿಗೆ ಸಕ್ಕರೆ ಅರವತ್ತಕ್ಕೆ ಇಳಿಯುತ್ತಿತ್ತು. ಒಮ್ಮೆ ಚುಚ್ಚಿದ ಗ್ಲಾರ್ಜಿನ್ನಿಗೆ 'ಎರಡು ಗಂಟೆಗೆ ಸುಮ್ಮನಿರು, ನಾಲ್ಕು ಗಂಟೆಗೆ ಏಳು' ಎಂದು ಹೇಳುವಂತಿಲ್ಲ. ಪಂಪಿಗೆ ಹೇಳಬಹುದು. ಅದರಲ್ಲಿ ದೀರ್ಘಕಾಲದ ಇನ್ಸುಲಿನ್ ಇರುವುದೇ ಇಲ್ಲ. ಬೇಗ ಕೆಲಸ ಮಾಡುವ ಒಂದೇ ಇನ್ಸುಲಿನ್ನನ್ನು ಅದು ತೋಟದ ಹನಿ ನೀರಾವರಿಯಂತೆ ದಿನವಿಡೀ ತೊಟ್ಟಿಕ್ಕಿಸುತ್ತದೆ. ಯಾವ ಗಂಟೆಗೆ ಎಷ್ಟು ಎಂಬುದನ್ನು ನಾವು ಬರೆದಿಡಬಹುದು. ಊಟದ ಹೊತ್ತಿಗೆ ಗುಂಡಿ ಒತ್ತಿದರೆ ಊಟದ ಪಾಲು ಹೋಗುತ್ತದೆ.

ನನಗೆ ಹೊಂದುವ ಕಾರಣ ಇದ್ದುದರಿಂದ ವೈದ್ಯರು ಈ ಸಲ ಪಂಪಿನ ಬಗ್ಗೆ ತೆರೆದ ಮನಸ್ಸಿನಿಂದ ಮಾತನಾಡಿದರು. ಅವರು ಹೇಳಿದ ಒಂದು ಸಂಗತಿ ನನಗೆ ಧೈರ್ಯ ಕೊಟ್ಟಿತು. ಟೈಪ್ 1 ಇರುವವರ ಸಕ್ಕರೆಯನ್ನು ಬಿಗಿಯಾಗಿ ಹಿಡಿದರೆ ಕಣ್ಣು, ಕಿಡ್ನಿ, ನರ ಉಳಿಯುತ್ತವೆ ಎಂದು ಸಾಧಿಸಿ ತೋರಿಸಿದ ಅಮೆರಿಕದ ದೊಡ್ಡ ಅಧ್ಯಯನದ ಫಲಿತಾಂಶ 1993ರಲ್ಲಿ ಹೊರಬಂತು. ಅದರಲ್ಲಿ ಬಿಗಿ ಚಿಕಿತ್ಸೆ ಪಡೆದವರಲ್ಲಿ ಕೆಲವರು ಪಂಪ್ ಬಳಸಿದ್ದರು, ಉಳಿದವರು ದಿನಕ್ಕೆ ಮೂರೋ ನಾಲ್ಕೋ ಚುಚ್ಚು ತೆಗೆದುಕೊಂಡಿದ್ದರು. ಕಣ್ಣು ಉಳಿಸಿದ್ದು ಉಪಕರಣವಲ್ಲ, ಹಿಡಿತಕ್ಕೆ ಬಂದ ಸಕ್ಕರೆ. 'ನಿಮಗೆ ಯಾವುದರಲ್ಲಿ ವರ್ಷಗಟ್ಟಲೆ ಹಿಡಿತ ಸಿಗುತ್ತದೋ ಅದು ನಿಮ್ಮದು' ಎಂದರು.

ಅದಾದ ಮೇಲೆ ಮಾರಾಟ ಪ್ರತಿನಿಧಿಯ ಜೊತೆ ಒಂದು ಗಂಟೆ. ಪಂಪ್ ಹಾಕಿಕೊಂಡರೆ ಇನ್ನು ಏನು ಬೇಕಾದರೂ ತಿನ್ನಬಹುದು ಎಂದು ಆತ ಹೇಳಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಮಗುವಿಗೆ ಹೊಸದಾಗಿ ಕಾಯಿಲೆ ಬಂದ ತಾಯಿಯ ಮುಂದೆ ಇದೇ ಮಾತು ಆಡಿದರೆ ಆಕೆ ಒಡವೆ ಮಾರಿಯಾಳು. ಸೆನ್ಸರಿನ ಜೊತೆ ತಾನೇ ಮಾತನಾಡಿಕೊಂಡು ಐದೈದು ನಿಮಿಷಕ್ಕೆ ಪ್ರಮಾಣ ಸರಿಪಡಿಸುವ ಪಂಪಿಗೂ ಊಟ ಎಷ್ಟು ಎಂದು ನಾವೇ ಹೇಳಬೇಕು. ಇಡ್ಲಿಯ ಲೆಕ್ಕ, ಅನ್ನದ ಲೆಕ್ಕ ಹಾಕುವುದು ತಪ್ಪುವುದಿಲ್ಲ. ನನಗೆ ಕೊಟ್ಟ ಕೊಟೇಶನ್ನಿನಲ್ಲಿ ಅಂಥ ಪಂಪಿಗೆ 6,20,000 ರೂಪಾಯಿ, ವಾರಂಟಿ ನಾಲ್ಕು ವರ್ಷ. ಮೂರು ದಿನಕ್ಕೊಮ್ಮೆ ಬದಲಿಸುವ ನಳಿಕೆ, ಇನ್ಸುಲಿನ್ ತುಂಬುವ ಡಬ್ಬಿ, ಸೆನ್ಸರ್ ಸೇರಿ ತಿಂಗಳಿಗೆ 22,000. ನಮ್ಮ ಆರೋಗ್ಯ ವಿಮೆಯಲ್ಲಿ ಇದಕ್ಕೆ ಒಂದು ರೂಪಾಯಿಯೂ ಬರುವುದಿಲ್ಲ ಎಂದು ಲಿಖಿತವಾಗಿ ತಿಳಿಸಿದರು. ಆದರೂ ಹತ್ತು ದಿನ ಸಾದಾ ಪಂಪನ್ನು ಹಾಕಿ ನೋಡುವ ಅವಕಾಶವಿತ್ತು. ಒಪ್ಪಿಕೊಂಡೆ. ಸಿಕ್ಕ ದಿನಾಂಕ ಸೆಪ್ಟೆಂಬರ್ 3. ಚೌತಿ 7ಕ್ಕೆ. ಬೇರೆ ವಾರ ಕೇಳೋಣವೇ ಎಂದು ಇವರು ಕೇಳಿದರು. ಹಬ್ಬದ ವಾರವೇ ಬರಲಿ, ಕಷ್ಟದ ವಾರದಲ್ಲೇ ಅದು ಹೇಗಿರುತ್ತದೆ ನೋಡಬೇಕು ಎಂದೆ.

ಮೊದಲ ದಿನ ಹುಬ್ಬಳ್ಳಿಯಲ್ಲೇ ಕಲಿಸಿದರು. ಡಬ್ಬಿಗೆ ಗುಳ್ಳೆ ಬಾರದಂತೆ ಇನ್ಸುಲಿನ್ ತುಂಬುವುದು, ನಳಿಕೆಯ ತುದಿಯಲ್ಲಿ ಹನಿ ಕಾಣುವವರೆಗೆ ತಳ್ಳುವುದು, ಒಂದು ಸಣ್ಣ ಸಾಧನವನ್ನು ಚರ್ಮಕ್ಕೆ ಒತ್ತಿ ಗುಂಡಿ ಅದುಮುವುದು. ಟಪ್ ಎಂದು ಸೂಜಿ ಒಳಗೆ ಹೋಗುತ್ತದೆ, ಸೂಜಿಯನ್ನು ಹೊರಗೆಳೆದ ಮೇಲೆ 9 ಮಿಲಿಮೀಟರಿನ ಮೆತ್ತನೆಯ ಕೊಳವೆ ಮಾತ್ರ ಒಳಗೆ ಉಳಿಯುತ್ತದೆ. ದಿನಕ್ಕೆ ನಾಲ್ಕು ಸಲ ಚುಚ್ಚುವ ಬದಲು ಮೂರು ದಿನಕ್ಕೆ ಒಂದು ಸಲ. ಗಂಟೆಗೆ 0.6 ಯುನಿಟ್ ಎಂದು ಶುರು ಮಾಡಿ, ನಡುರಾತ್ರಿಯಿಂದ ಮೂರರವರೆಗೆ 0.4, ನಾಲ್ಕರಿಂದ ಎಂಟರವರೆಗೆ 0.8 ಎಂದು ಬರೆದರು. ಆ ರಾತ್ರಿಯ ಗ್ಲಾರ್ಜಿನ್ ನಿಂತಿತು. ಇಪ್ಪತ್ತೈದು ವರ್ಷಗಳಲ್ಲಿ ಮೊದಲ ಬಾರಿ ಚುಚ್ಚಿಕೊಳ್ಳದೆ ಮಲಗಿದೆ. ಏನೋ ಮರೆತೆನೆಂದು ಎರಡು ಸಲ ಎದ್ದು ಕುಳಿತೆ.

ಎರಡನೆಯ ರಾತ್ರಿಯಿಂದ ನಾನು ನಿದ್ದೆ ಮಾಡಿದೆ. ಇದನ್ನು ಹೇಗೆ ಬರೆಯುವುದೋ ಗೊತ್ತಾಗುತ್ತಿಲ್ಲ. ಜನವರಿಯಿಂದ ನಾನು ದಿನವೂ ರಾತ್ರಿ ಎರಡಕ್ಕೆ ಅಲಾರಂ ಇಟ್ಟುಕೊಂಡು ಏಳುತ್ತಿದ್ದೆ. ಆ ವಾರ ಅಲಾರಂ ಬಡಿದಾಗಲೆಲ್ಲ ಸೆನ್ಸರ್ ನೂರು, ನೂರಹತ್ತು ಎನ್ನುತ್ತಿತ್ತು. ಬೆಳಿಗ್ಗೆ ಏಳಕ್ಕೆ ನೂರಿಪ್ಪತ್ತು. ನಾಲ್ಕನೆಯ ದಿನ ಅಲಾರಂ ಇಡಲಿಲ್ಲ. ಹಗಲು ತೋಟಕ್ಕೆ ಇಳಿಯುವ ಒಂದು ಗಂಟೆ ಮೊದಲು ಹನಿಯ ಪ್ರಮಾಣವನ್ನು ಅರ್ಧಕ್ಕೆ ಇಳಿಸಿಕೊಳ್ಳುವುದನ್ನು ಕಲಿತೆ. ಇಲ್ಲವಾದರೆ ಗುಡ್ಡ ಹತ್ತಿ ಸೊಪ್ಪು ತರುವ ಹೊತ್ತಿಗೆ ನಡುಕ ಬಂದು, ಸೆರಗಿನ ತುದಿಗೆ ಕಟ್ಟಿಕೊಂಡ ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಳ್ಳುವುದು ನನ್ನ ನಿತ್ಯದ ಪಾಡಾಗಿತ್ತು. ಆರು ದಿನಗಳ ಲೆಕ್ಕದಲ್ಲಿ ನೂರಕ್ಕೆ 78 ಹೊತ್ತು ಸಕ್ಕರೆ ಸರಿಯಾದ ಮಿತಿಯಲ್ಲಿತ್ತು. ಪೆನ್ ಹಿಡಿದ ಇಷ್ಟು ವರ್ಷಗಳಲ್ಲಿ ನಾನು ಆ ಅಂಕಿಯ ಹತ್ತಿರವೂ ಹೋಗಿಲ್ಲ.

ಪಂಪನ್ನು ಎಲ್ಲಿಡುವುದು ಎಂಬುದು ಮಾತ್ರ ಬಗೆಹರಿಯಲಿಲ್ಲ. ಚಿತ್ರಗಳಲ್ಲೆಲ್ಲ ಬೆಲ್ಟಿಗೋ ಜೇಬಿಗೋ ಸಿಕ್ಕಿಸಿಕೊಂಡವರೇ ಇರುತ್ತಾರೆ. ಸೀರೆಗೆ ಜೇಬಿಲ್ಲ. ಲಂಗದ ಲಾಡಿಗೆ ಸಿಕ್ಕಿಸಿದರೆ ಊಟದ ಹೊತ್ತಿಗೆ ಗುಂಡಿ ಒತ್ತಲು ನೆರಿಗೆಯೊಳಗೆ ಕೈ ಹಾಕಬೇಕು. ಕಚೇರಿಯಲ್ಲಿ ಹತ್ತು ಜನರ ನಡುವೆ ಅದು ಆಗದು. ಅತ್ತೆ ಎರಡು ದಿನ ನನ್ನ ಪರದಾಟ ನೋಡಿ, ತಮ್ಮ ಹಳೆಯ ಹತ್ತಿ ಸೀರೆಯ ಬಟ್ಟೆಯಲ್ಲಿ ಪುಟ್ಟ ಚೀಲ ಹೊಲಿದು, 'ಕೂಸೇ, ಇದನ್ನು ಸೆರಗಿನ ಒಳಬದಿಗೆ ಪಿನ್ ಮಾಡಿಕೋ' ಎಂದು ಕೊಟ್ಟರು. ಅದು ಎಷ್ಟೋ ವಾಸಿ. ಆದರೆ ಕೊಟ್ಟಿಗೆಯ ಬಾಗಿಲ ಚಿಲಕಕ್ಕೆ ನಳಿಕೆ ಸಿಕ್ಕಿ ಎಳೆದಾಗ ಜೀವ ಹೋದಂತಾಯಿತು. ಸ್ನಾನಕ್ಕೆ ಕಳಚಿಟ್ಟರೆ ಒಂದು ಗಂಟೆಯೊಳಗೆ ಮತ್ತೆ ಜೋಡಿಸಬೇಕು ಎಂಬ ಲೆಕ್ಕ ತಲೆಯಲ್ಲಿ ಓಡುತ್ತಲೇ ಇರುತ್ತಿತ್ತು. ಮಲಗಿ ಮಗ್ಗುಲು ಬದಲಿಸುವಾಗ ಕೈ ಮೊದಲು ಪಂಪನ್ನು ಹುಡುಕುತ್ತಿತ್ತು. ಪೆನ್ ಬಳಸುವಾಗ ಚುಚ್ಚಿಕೊಂಡ ಮೇಲೆ ಮೂರ್ನಾಲ್ಕು ಗಂಟೆ ಕಾಯಿಲೆಯನ್ನು ಮರೆಯಬಹುದು. ಪಂಪು ಮರೆಯಲು ಬಿಡುವುದಿಲ್ಲ. ನನಗೆ ಇದು ಇಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಮೊದಲು ಅನ್ನಿಸಿರಲಿಲ್ಲ.

ಚೌತಿಯ ಊಟದ ದಿನ ಮಾತ್ರ ಅದನ್ನು ಕಣ್ಣಿಗೊತ್ತಿಕೊಳ್ಳಬೇಕೆನ್ನಿಸಿತು. ಹಬ್ಬದ ಎಲೆಯ ಮುಂದೆ ಕುಳಿತಾಗ ಎಷ್ಟು ತಿನ್ನುತ್ತೇವೆ ಎಂದು ಮೊದಲೇ ತಿಳಿಯುವುದಿಲ್ಲ. ಬಡಿಸುತ್ತ ಬರುತ್ತಾರೆ, ಒತ್ತಾಯ ಮಾಡುತ್ತಾರೆ. ಚುಚ್ಚನ್ನು ಊಟಕ್ಕೆ ಮೊದಲೇ ತೆಗೆದುಕೊಳ್ಳಬೇಕಾದ್ದರಿಂದ ನಾನು ಅನ್ನದ ಲೆಕ್ಕಕ್ಕಷ್ಟೇ ನಾಲ್ಕು ಯುನಿಟ್ ಹಾಕಿಕೊಂಡು ಪಾಯಸ ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿಯುವವಳು. ನಡುವೆ ಎದ್ದುಹೋಗಿ ಇನ್ನೊಮ್ಮೆ ಚುಚ್ಚಿಕೊಂಡು ಬರಲು ಪಂಕ್ತಿಯಲ್ಲಿ ಮನಸ್ಸಾಗದು. ಆ ದಿನ ಅನ್ನಕ್ಕೆ ಮೊದಲು ಒತ್ತಿದೆ. ಪಂಚಕಜ್ಜಾಯ ಬಂತು, ಮೋದಕ ಬಂತು. ಸೆರಗಿನೊಳಗೆ ಕೈ ಹಾಕಿ ಇನ್ನೊಂದೂವರೆ ಯುನಿಟ್ ಕೊಟ್ಟೆ. ಎಣ್ಣೆಯಲ್ಲಿ ಕರಿದ ಚಕ್ಕುಲಿ ನಿಧಾನವಾಗಿ ಸಕ್ಕರೆ ಏರಿಸುತ್ತದೆ. ಅದಕ್ಕೆಂದು ಎರಡು ಗಂಟೆಗಳ ಕಾಲ ಹರಡಿ ಕೊಡುವ ಏರ್ಪಾಡೂ ಪಂಪಿನಲ್ಲಿತ್ತು. ನಾನು ಎರಡನೆಯ ಮೋದಕಕ್ಕೆ ಎಲೆ ಒಡ್ಡಿದಾಗ ಬಡಿಸುತ್ತಿದ್ದ ಅತ್ತೆಯ ಮುಖ ನೋಡಬೇಕಿತ್ತು. ಮೂರು ಗಂಟೆಯ ಮೇಲೆ ಸೆನ್ಸರಿನಲ್ಲಿ 168 ಇತ್ತು.

ಸೆಪ್ಟೆಂಬರ್ 9ರ ಸಂಜೆ ನೆಂಟರನ್ನು ಕಳುಹಿಸಿ, ದಣಿದು, ನಳಿಕೆ ಬದಲಿಸಿ ಮಲಗಿದೆ. ಜೋರು ಮಳೆ, ಕರೆಂಟ್ ಇರಲಿಲ್ಲ. ಹನ್ನೆರಡಕ್ಕೆ ನೋಡಿದಾಗ 190. ಪಂಪಿನಿಂದಲೇ ಸ್ವಲ್ಪ ಹೆಚ್ಚು ಕೊಟ್ಟೆ. ಎರಡಕ್ಕೆ 260, ಮತ್ತೆ ಕೊಟ್ಟೆ. ನಾಲ್ಕಕ್ಕೆ ಹೊಟ್ಟೆ ತೊಳಸಿ ಎಚ್ಚರವಾದಾಗ 340. ಇನ್ಸುಲಿನ್ ಸಾಲದಾದಾಗ ದೇಹದಲ್ಲಿ ಸೇರುವ ಆಮ್ಲವನ್ನು ತೋರಿಸುವ ಮೂತ್ರದ ಕೀಟೋನ್ ಪಟ್ಟಿ ಗಾಢ ನೇರಳೆ ಬಣ್ಣಕ್ಕೆ ತಿರುಗಿತು. ಪಂಪು ಒಂದು ಸಲವೂ ಕೂಗಿರಲಿಲ್ಲ. ಟಾರ್ಚ್ ಹಿಡಿದು ಹೊಟ್ಟೆಯ ಪಟ್ಟಿ ಬಿಚ್ಚಿದಾಗ ಇನ್ಸುಲಿನ್ನಿನ ಫಿನಾಯಿಲಿನಂಥ ವಾಸನೆ ಮೂಗಿಗೆ ಬಡಿಯಿತು. ಮೆತ್ತನೆಯ ಕೊಳವೆ ಒಳಹೋಗುವಾಗಲೇ ಮಡಿಸಿಕೊಂಡಿತ್ತು. ಐದಾರು ಗಂಟೆಯ ಇನ್ಸುಲಿನ್ ಎಲ್ಲವೂ ಚರ್ಮದ ಮೇಲೆ ಸೋರಿಹೋಗಿತ್ತು. ಹನಿ ನೀರಾವರಿಯ ತೂತು ಕಟ್ಟಿದರೆ ಅಡಿಕೆ ಮರ ನಾಲ್ಕು ದಿನ ತಡೆಯುತ್ತದೆ. ದೀರ್ಘಕಾಲದ ಇನ್ಸುಲಿನ್ನಿನ ಆಸರೆ ಇಲ್ಲದ ದೇಹ ಒಂದು ರಾತ್ರಿಯನ್ನೂ ತಡೆಯುವುದಿಲ್ಲ. ಸಹಾಯವಾಣಿಗೆ ಫೋನ್ ಮಾಡಲು ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಬಾವಿಕಟ್ಟೆಯ ಬಳಿ ಮಾತ್ರ. ಇವರು ಕೊಡೆ ಹಿಡಿದು ನಿಂತರೂ ಆ ರಾತ್ರಿ ಅಲ್ಲಿಯೂ ಸಿಗಲಿಲ್ಲ.

ಕಲಿಸಿದ್ದು ನೆನಪಿತ್ತು. ಒಂದು ಸಲ ಪಂಪಿನಿಂದ ಕೊಟ್ಟೂ ಸಕ್ಕರೆ ಇಳಿಯದಿದ್ದರೆ ಎರಡನೆಯ ಸಲ ಪಂಪನ್ನು ನಂಬದೆ ಪೆನ್ನಿನಿಂದ ಚುಚ್ಚಿಕೊಳ್ಳಬೇಕು. ಎರಡು ಗಂಟೆಗೇ ಅದನ್ನು ಮಾಡಬೇಕಿತ್ತು, ನಾಲ್ಕಕ್ಕೆ ಮಾಡಿದೆ. ಪೆನ್ನಿನಿಂದ ಆರು ಯುನಿಟ್, ಚೊಂಬುಗಟ್ಟಲೆ ನೀರು, ಬೇರೆ ಜಾಗದಲ್ಲಿ ಹೊಸ ನಳಿಕೆ. ವಾಂತಿ ಶುರುವಾದರೆ ಜೀಪು ಹೊರಡಿಸಿ ಶಿರಸಿಗೆ ಹೋಗುವುದೆಂದು ಇವರು ಬಟ್ಟೆ ಹಾಕಿಕೊಂಡು ಕುಳಿತರು. ಬೆಳಿಗ್ಗೆ ಒಂಬತ್ತಕ್ಕೆ 160ಕ್ಕೆ ಬಂತು, ಪಟ್ಟಿಯ ಬಣ್ಣವೂ ತಿಳಿಯಾಯಿತು.

ಒಂದು ರಾತ್ರಿಯ ಭಯದಿಂದ ನಾನು ಪಂಪನ್ನು ಬಿಟ್ಟೆ ಎಂದು ತಂಗಿ ಈಗಲೂ ಹೇಳುತ್ತಾಳೆ. ಹಾಗಲ್ಲ. ಜನವರಿಯ ರಾತ್ರಿಯೂ ಭಯದ್ದೇ, ಅದು ಪೆನ್ನಿನ ಭಯ. ಉಳಿದ ಮೂರು ದಿನ ಪಂಪ್ ಹಾಕಿಕೊಂಡೇ ಇದ್ದೆ, ಆಮೇಲೆ ಲೆಕ್ಕದ ಪುಸ್ತಕ ತೆರೆದೆ. 6,20,000ವನ್ನು 48 ತಿಂಗಳಿಗೆ ಹಂಚಿದರೆ ತಿಂಗಳಿಗೆ ಹದಿಮೂರು ಸಾವಿರದ ಹತ್ತಿರ. ಮೇಲೆ ಇಪ್ಪತ್ತೆರಡು ಸಾವಿರ. ನನ್ನ ಸಂಬಳ ಹತ್ತೊಂಬತ್ತು ಸಾವಿರ, ತೋಟದ ಆದಾಯ ಕೊಳೆರೋಗ ಬಂದ ವರ್ಷ ಅರ್ಧವಾಗುತ್ತದೆ. ದುಡ್ಡಿಗಿಂತ ಹೆಚ್ಚಾಗಿ ನನ್ನನ್ನು ತಡೆದದ್ದು ಮಳೆಗಾಲ. ನಳಿಕೆಯ ಪೆಟ್ಟಿಗೆ ಕೊರಿಯರಿನಲ್ಲಿ ಬರಬೇಕು. ಜುಲೈನಲ್ಲಿ ನಮ್ಮ ಹಳ್ಳದ ಮೇಲೆ ನೀರು ಹರಿದರೆ ವಾರಗಟ್ಟಲೆ ಏನೂ ಬರುವುದಿಲ್ಲ. ಪೆನ್ನಿನ ಇನ್ಸುಲಿನ್ ಶಿರಸಿಯ ಯಾವ ಅಂಗಡಿಯಲ್ಲೂ ಸಿಗುತ್ತದೆ. ಜೊತೆಗೆ ಪಂಪು ಆರು ದಿನದಲ್ಲಿ ನನಗೆ ಒಂದು ಸಂಗತಿಯನ್ನು ತೋರಿಸಿಕೊಟ್ಟಿತ್ತು: ನನ್ನ ದೇಹಕ್ಕೆ ನಡುರಾತ್ರಿ ಎಷ್ಟು ಕಡಿಮೆ ಬೇಕು, ಬೆಳಗಿನ ಜಾವ ಎಷ್ಟು ಹೆಚ್ಚು ಬೇಕು ಎಂದು.

ಅದನ್ನೇ ಹಿಡಿದು ವೈದ್ಯರು ಪೆನ್ನಿನ ಕ್ರಮವನ್ನು ಹೊಸದಾಗಿ ಕಟ್ಟಿಕೊಟ್ಟರು. ಗ್ಲಾರ್ಜಿನ್ ಬಿಡಿಸಿ, 42 ಗಂಟೆಗೂ ಮೀರಿ ಸಮವಾಗಿ ಕೆಲಸ ಮಾಡುವ ಡೆಗ್ಲುಡೆಕ್ ಶುರು ಮಾಡಿದರು, ಅದೂ ಸ್ವಲ್ಪ ಕಡಿಮೆಯೇ. ನಡುರಾತ್ರಿ ಸಕ್ಕರೆ ಕುಸಿಯುವುದು ಬಹುಮಟ್ಟಿಗೆ ನಿಂತಿತು. ಬೆಳಗಿನ ಏರಿಕೆಗೆ, ಕೊಟ್ಟಿಗೆ ಕೆಲಸಕ್ಕೆಂದು ನಾನು ಹೇಗೂ ಐದಕ್ಕೆ ಏಳುತ್ತೇನಲ್ಲ, ಆಗಲೇ ಸಕ್ಕರೆ ನೋಡಿಕೊಂಡು ಒಂದೂವರೆ ಯುನಿಟ್ ಆಸ್ಪಾರ್ಟ್. ಅರ್ಧ ಯುನಿಟ್ಟಿನ ಗುರುತಿರುವ ಪೆನ್ ತರಿಸಿಕೊಂಡೆ. ತಿಂಗಳಲ್ಲಿ ಹದಿನಾಲ್ಕು ದಿನ ಸೆನ್ಸರ್, ಉಳಿದ ದಿನ ಬೆರಳು ಚುಚ್ಚಿ ನೋಡುವುದು. ಒಟ್ಟು ಖರ್ಚು ಏಳೆಂಟು ಸಾವಿರ. ಡಿಸೆಂಬರಿನಲ್ಲಿ ಎಚ್‌ಬಿಎ1ಸಿ 7.2 ಬಂತು, ಮಿತಿಯೊಳಗಿನ ಹೊತ್ತು ನೂರಕ್ಕೆ 69. ಆ 78 ಬರಲಿಲ್ಲ. ಆ ನಿದ್ದೆಯೂ ಪೂರ್ತಿ ಬರಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆಯೊಳಗೆ ಸಂಕಟವಾಗುತ್ತದೆ, ಅದನ್ನು ಮುಚ್ಚಿಡಲಾರೆ.

ನನ್ನ ಪರಿಚಯದ ಒಬ್ಬ ಹುಡುಗಿ ಬಸಿರಾಗುವ ಯೋಚನೆಯಲ್ಲಿದ್ದಾಳೆ, ಇರುವುದು ಹುಬ್ಬಳ್ಳಿಯಲ್ಲೇ, ಆಸ್ಪತ್ರೆ ಹತ್ತಿರ. ಅವಳು ಕೇಳಿದಾಗ, ಕೈಲಾದರೆ ಪಂಪ್ ಹಾಕಿಸಿಕೋ, ಆದರೆ ಪೆನ್ನನ್ನು ಮನೆಯಿಂದ ಹೊರಗೆ ಹಾಕಬೇಡ, ಕೀಟೋನ್ ಪಟ್ಟಿಯನ್ನು ತಲೆದಿಂಬಿನ ಪಕ್ಕದಲ್ಲಿಡು ಎಂದೆ. ನನ್ನ ಬಸಿರಿನ ಒಂಬತ್ತು ತಿಂಗಳು ಪಂಪ್ ಇದ್ದಿದ್ದರೆ ಎಂದು ಆಮೇಲೆ ಬಹಳ ಹೊತ್ತು ಯೋಚಿಸಿದೆ.

ಅತ್ತೆ ಹೊಲಿದ ಚೀಲದಲ್ಲಿ ಪಂಪಿನ ಗಂಟೆವಾರು ಪ್ರಮಾಣ ಬರೆದ ಚೀಟಿಯನ್ನು ಮಡಿಸಿ ಇಟ್ಟಿದ್ದೇನೆ. ಈ ವರ್ಷದ ಮಾರ್ಚ್‌ನಿಂದ ನಮ್ಮ ಸೊಸೈಟಿಯಲ್ಲೇ ತಿಂಗಳಿಗೆ ಮೂರು ಸಾವಿರದ ಆರ್‌ಡಿ ಶುರು ಮಾಡಿದೆ. ಇವರು ಅದಕ್ಕೆ ಅಡಿಕೆ ಮಾರಿದಾಗ ಸ್ವಲ್ಪ ಸೇರಿಸುತ್ತೇನೆ ಎಂದಿದ್ದಾರೆ. 2029ರಲ್ಲಿ ಅದು ಕೈಗೆ ಬರುತ್ತದೆ. ಹಳ್ಳಕ್ಕೆ ಸೇತುವೆಯಾಗುವ ಮಾತೂ ಇದೆ. ಅಲ್ಲಿಯವರೆಗೆ ಬೆಳಿಗ್ಗೆ ಐದಕ್ಕೆ ದೀಪ ಹಾಕಿ, ಎಡ ತೊಡೆಗೆ ಒಂದು ದಿನ, ಬಲ ತೊಡೆಗೆ ಮರುದಿನ.